ಸುಣ್ಣದ ಹಿಂದಿನ ಗೋಡೆ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಮನೆ ಮಾರಿ ನೋಡು ಎಂದು ಹೇಳಲಿಲ್ಲ. ಹುಟ್ಟಿದ ಮನೆಯನ್ನು ಮಾರುವ ಪ್ರಸಂಗ ಅವರ ಕಾಲದಲ್ಲಿ ಅಪರೂಪವಾಗಿದ್ದಿರಬೇಕು. ಇಂದು ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ಅದು ಅಪರೂಪವಲ್ಲ. ಮಕ್ಕಳು ಪುಣೆಯಲ್ಲಿ ನೌಕರಿ ಹಿಡಿದಿದ್ದಾರೆ, ಅಂಗಡಿ ಸೊಲ್ಲಾಪುರಕ್ಕೆ ಹೋಗಿದೆ, ಊರಮನೆಗೆ ಕೀಲಿ ಬಿದ್ದಿದೆ. ಬಾಗಿಲು ತೆರೆಯದ ಮನೆ ಬೇಗ ಹಾಳಾಗುತ್ತದೆ. ಆದ್ದರಿಂದ ಮಾರುವುದು ತಪ್ಪಲ್ಲ. ನಮ್ಮ ಇಷ್ಟಲಿಂಗ ನಮ್ಮ ಕೊರಳಲ್ಲಿಯೇ ಇರುವುದರಿಂದ ಮನೆ ಬಿಟ್ಟರೆ ದೇವರನ್ನು ಬಿಟ್ಟಂತಾಗುವುದೂ ಇಲ್ಲ. ಹೇಗೆ ಮಾರಬೇಕು ಎಂಬುದೇ ಪ್ರಶ್ನೆ. ಅದು ನಮ್ಮ ಮನೆಯಲ್ಲಿಯೇ ಎದ್ದದ್ದರಿಂದ ಬರೆಯುತ್ತಿದ್ದೇವೆ.

ನಮ್ಮ ಭಾಗದಲ್ಲಿ ಮನೆ ಮಾರುವವರು ದಸರೆ ದೀಪಾವಳಿಯ ದಿನಗಳನ್ನೇ ನೋಡುತ್ತಾರೆ. ಮಳೆ ಹಿಂದೆಗೆದಿರುತ್ತದೆ, ಹಿಂಗಾರಿ ಜೋಳದ ಬಿತ್ತನೆಯ ಗಡಿಬಿಡಿ ಮುಗಿಯುತ್ತ ಬಂದಿರುತ್ತದೆ, ಪಿತೃಪಕ್ಷ ಕಳೆದಿರುತ್ತದೆ. ವಿಜಯದಶಮಿ ಮತ್ತು ದೀಪಾವಳಿಯ ಪಾಡ್ಯ ಮುಹೂರ್ತ ಕೇಳಬೇಕಿಲ್ಲದ ದಿನಗಳೆಂದು ಜನ ನಂಬುತ್ತಾರೆ. ಹಬ್ಬಕ್ಕೆಂದು ಹೇಗೂ ಮನೆ ಸಾರಿಸಿ ಸುಣ್ಣ ಬಳಿಯುತ್ತೇವೆ. ಅದೇ ಸುಣ್ಣ ಗಿರಾಕಿಯ ಕಣ್ಣಿಗೂ ಒದಗಲಿ ಎಂದು ಲೆಕ್ಕ ಹಾಕುತ್ತೇವೆ. ಇಲ್ಲಿಂದಲೇ ತೊಡಕು ಶುರುವಾಗುತ್ತದೆ.

ನಮ್ಮದು ಕರಿಕಲ್ಲು ಮತ್ತು ಮಣ್ಣಿನ ಗೋಡೆಯ ಮನೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಸೋರಬಾರದೆಂದು ಪ್ರತಿ ಬೇಸಿಗೆಯಲ್ಲಿ ಅಪ್ಪ ಹಾಳುಮಣ್ಣು ಹೇರಿಸುತ್ತಿದ್ದರು. ಹೀಗೆ ವರ್ಷ ವರ್ಷವೂ ಮಾಳಿಗೆಯ ಭಾರ ಏರುತ್ತ ಹೋಯಿತು. ನಡುಮನೆಯ ಹಿಂದಿನ ಗೋಡೆ ಹೊಟ್ಟೆ ಬಿಟ್ಟು, ಮೂಲೆಯಲ್ಲಿ ಬೆರಳು ಹೋಗುವಷ್ಟು ಬಿರುಕು ಬಂದಿತ್ತು. ಪಡಸಾಲೆಯಲ್ಲಿ ಹಾಸಿದ ಶಹಾಬಾದ್ ಫರಸಿಯ ಕೆಳಗೆ ಮುತ್ತ್ಯಾನ ಕಾಲದ ಹಗೇವು ಇದೆ. ಜೋಳ ತುಂಬುವುದು ನಿಂತ ಮೇಲೆ ಅದನ್ನು ಸಡಿಲ ಮಣ್ಣಿನಿಂದ ಮುಚ್ಚಿದ್ದರು. ಮೇಲಿನಿಂದ ನೋಡಿದವರಿಗೆ ಅದು ತಿಳಿಯುವಂತಿಲ್ಲ.

ನಾವು ಇಬ್ಬರು ಅಣ್ಣತಮ್ಮಂದಿರು, ಒಬ್ಬ ತಂಗಿ. ಅಣ್ಣನವರಿಗೆ ಮಗನ ಸಾಲ ತೀರಿಸುವ ಅವಸರ. ಅವರು, “ಗೌಂಡಿನ್ನ ಕರಿ. ಗಿಲಾವು ಮಾಡಿಸಿ ಬಣ್ಣಾ ಹಚ್ಚಿದ್ರ ಮುಗೀತು. ತೊಗೊಳ್ಳಾವಗ ಕಣ್ಣಿಲ್ಲೇನು?” ಎಂದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಮಾತನ್ನೂ ನೆನಪಿಸಿದರು. ಮೂಲೆಯಲ್ಲಿ ಕುಳಿತಿದ್ದ ಅವ್ವ ಆಗ ಬಾಯಿ ತೆರೆದಳು: “ಗಿಲಾವು ಮಾಡಸ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಆ ಗ್ವಾಡಿ ಬುಡಕ ತೊಟ್ಟಲಾ ಕಟ್ಟವರಿಗೆ ಯಾರು ಹೇಳ್ತೀರಿ?”

ಅವ್ವನ ಮಾತು ಎಲ್ಲಿಂದ ಬಂತೆಂದು ನಮಗೆ ಗೊತ್ತಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಇನ್ನೂ ನಾಲ್ಕು ಗಂಟೆ ಆಗಿರಲಿಲ್ಲ, ಕಿಲ್ಲಾರಿಯ ಭೂಕಂಪವಾಯಿತು. ಲಾತೂರ ಮತ್ತು ಅಂದಿನ ಉಸ್ಮಾನಾಬಾದ್, ಅಂದರೆ ಇಂದಿನ ಧಾರಾಶಿವ ಜಿಲ್ಲೆಯ ಹಳ್ಳಿಗಳು ನೆಲಸಮವಾದವು. ಗಣಪತಿಯನ್ನು ಕಳಿಸಿ ಬಂದು ಮಲಗಿದ್ದ ಜನ. 7 ಸಾವಿರಕ್ಕೂ ಹೆಚ್ಚು ಮಂದಿ ಮತ್ತೆ ಏಳಲಿಲ್ಲ. ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲೂ ನೆಲ ನಡುಗಿತು. ಅಲ್ಲಿ ಬಿದ್ದವುಗಳಲ್ಲಿ ಹೆಚ್ಚಿನವು ನಮ್ಮ ಮನೆಯಂಥವೇ: ಮಣ್ಣಿನಲ್ಲಿ ಕೂಡಿಸಿದ ಕಲ್ಲಿನ ಗೋಡೆ, ಮೇಲೆ ಹೊರಲಾರದಷ್ಟು ಮಣ್ಣಿನ ಭಾರ. ಗೋಡೆಯ ಒಳಮೈ ಮತ್ತು ಹೊರಮೈಗಳನ್ನು ಹಿಡಿದಿಡುವ ಉದ್ದ ಕಲ್ಲುಗಳಿಲ್ಲದ್ದರಿಂದ ಎರಡೂ ಮೈ ಸೀಳಿ ಬೇರೆಯಾದವು. ಮಾಳಿಗೆಯ ಮಣ್ಣು ಇಳಿಸಿರಿ, ಗೋಡೆಗೆ ಅಡ್ಡಕಲ್ಲು ಕೂಡಿಸಿರಿ, ಮೂಲೆಗಳನ್ನು ಬಿಗಿಯಿರಿ ಎಂದು ಆಮೇಲೆ ಎಂಜಿನಿಯರರು ಹೇಳಿದರು. ಗಿಲಾವಿನಿಂದ ಗೋಡೆ ಗಟ್ಟಿಯಾಗುತ್ತದೆ ಎಂದು ಯಾರೂ ಹೇಳಲಿಲ್ಲ.

ಹಾಗಾದರೆ ಮಾರುವ ಮನೆಯನ್ನು ಚೊಕ್ಕಟ ಮಾಡಲೇಬಾರದೇ? ಮಾಡಬೇಕು. ಕಸ ತೆಗೆಯುವುದು, ಸುಣ್ಣ ಬಳಿಯುವುದು, ಬಾಗಿಲ ಚಿಲುಕ ಸರಿಪಡಿಸುವುದು, ಹಿತ್ತಲಿನ ಮುಳ್ಳು ಕಡಿಯುವುದು ಇವೆಲ್ಲ ಬರುವವರಿಗೆ ತೋರುವ ಗೌರವ. ಗೋಡೆ ಇಳಿಸಿ ಮತ್ತೆ ಕಟ್ಟಿದರೆ ಅದು ದುರಸ್ತಿ; ಅದಕ್ಕೆ ಬೆಲೆ ಕೇಳುವುದೂ ನ್ಯಾಯ. ಬಿರುಕು ಹಾಗೆಯೇ ಇದ್ದು ಅದರ ಮೇಲೆ ಬಣ್ಣ ಬಂದರೆ ಅದು ಬಚ್ಚಿಡುವುದು. ಎರಡು ಕೆಲಸಕ್ಕೂ ಒಬ್ಬನೇ ಗೌಂಡಿ, ಒಂದೇ ಕರಣಿ. ಮಾಡಿಸುವವನ ಮನಸ್ಸಿನಲ್ಲಿ ಮಾತ್ರ ವ್ಯತ್ಯಾಸ. ನೋಡಲಿ ಎಂದು ಬಳಿಯುತ್ತೇವೋ, ನೋಡದಿರಲಿ ಎಂದು ಬಳಿಯುತ್ತೇವೋ ಎಂದು ನಮ್ಮನ್ನು ನಾವೇ ಕೇಳಿಕೊಂಡರೆ ಉತ್ತರ ತಡವಾಗುವುದಿಲ್ಲ.

ಕೊಳ್ಳುವವನಿಗೆ ಕಣ್ಣಿಲ್ಲವೇ ಎಂಬ ಅಣ್ಣನವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಓಣಿ ಇಕ್ಕಟ್ಟು, ನೀರು ದೂರ ಎಂಬುದನ್ನು ಅವನೇ ನೋಡಿಕೊಳ್ಳಬಹುದು. ಆದರೆ ಫರಸಿಯ ಕೆಳಗಿನ ಹಗೇವನ್ನು ಯಾವ ಕಣ್ಣು ಕಂಡೀತು? ಕಾಯಿದೆಯೂ ಈ ಭೇದವನ್ನು ಒಪ್ಪುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೆಯ ಕಲಮು ಹೇಳುವುದಿಷ್ಟು: ಆಸ್ತಿಯಲ್ಲಾಗಲಿ ಅದರ ಹಕ್ಕಿನಲ್ಲಾಗಲಿ ಇರುವ ಮಹತ್ವದ ದೋಷ ಮಾರುವವನಿಗೆ ತಿಳಿದಿದ್ದು, ಕೊಳ್ಳುವವನಿಗೆ ತಿಳಿಯದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂತಿದ್ದರೆ, ಅದನ್ನು ಹೇಳಲೇಬೇಕು. ಹೇಳದಿದ್ದರೆ ಅದು ವಂಚನೆ.

ಹಕ್ಕಿನ ದೋಷವೆಂದೊಡನೆ ನಮಗೆ ತಂಗಿಯ ನೆನಪಾಯಿತು. ಗ್ರಾಮ ಪಂಚಾಯತಿಯ 8 ನಂಬರ್ ಉತಾರೆಯಲ್ಲಿ ನಮ್ಮಿಬ್ಬರ ಹೆಸರಷ್ಟೇ ಇತ್ತು. 2005ರ ತಿದ್ದುಪಡಿಯ ನಂತರ ಹಿರಿಯರ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಪಂಚಮಿಗೆ ಸೀರೆ ಉಡಿಸಿ ಕಳಿಸಿದರೆ ಪಾಲು ಕೊಟ್ಟಂತಾಗುವುದಿಲ್ಲ. ಗೋಡೆಯ ಬಿರುಕು ಮುಚ್ಚಬಾರದೆಂದು ಹೇಳುವವರು ಉತಾರೆಯ ಬಿರುಕನ್ನು ಮುಚ್ಚಬಹುದೇ? ತಂಗಿಯನ್ನು ಕರೆಸಿ, ಎಲ್ಲವನ್ನೂ ಮುಂದಿಟ್ಟು ಮಾತಾಡಿದೆವು. ಅವಳು ತನ್ನ ಪಾಲು ಕೇಳಿದಳು. ಕೊಡುವುದೆಂದು ಒಪ್ಪಿದೆವು.

ದಸರೆಯ ಮುನ್ನಾದಿನ ಬೇರೆ ಊರಿನ ವ್ಯಾಪಾರಿಯೊಬ್ಬರು ಮನೆ ನೋಡಲು ಬಂದರು. ಸುಣ್ಣ ಬಳಿಸಿದ್ದೆವು, ಆದರೆ ಬಿರುಕಿಗೆ ಗಿಲಾವು ಹಾಕಿಸಿರಲಿಲ್ಲ. ಗೋಡೆ ತೋರಿಸಿದೆವು, ಹಗೇವು ಎಲ್ಲಿಂದ ಎಲ್ಲಿಯವರೆಗಿದೆ ಎಂದು ಫರಸಿಯ ಮೇಲೆ ಸುಣ್ಣದ ಗೆರೆ ಎಳೆದೆವು. ಅವರು ಚಹಾ ಕುಡಿದು ಹೋದವರು ಹದಿನೈದು ದಿನ ಬರಲಿಲ್ಲ. ಮರುದಿನ ಬನ್ನಿ ಕೊಡುವಾಗ ಅಣ್ಣನವರು ನಮ್ಮೊಡನೆ ಮಾತಾಡಲಿಲ್ಲ. ದೀಪಾವಳಿ ಹತ್ತಿರ ಬಂದಾಗ ಆ ವ್ಯಾಪಾರಿ ತಮ್ಮ ಗೌಂಡಿಯೊಂದಿಗೆ ಬಂದು, ಗೋಡೆ ಇಳಿಸಿ ಕಟ್ಟುವ ಖರ್ಚು ಹಿಡಿದು ಬೆಲೆ ಹೇಳಿದರು. ಅಣ್ಣನವರು ಮನಸ್ಸಿನಲ್ಲಿ ಹಿಡಿದಿದ್ದಕ್ಕಿಂತ ಅದು ಒಂದೂವರೆ ಲಕ್ಷ ಕಡಿಮೆ. ಅದಕ್ಕೇ ಕೊಟ್ಟೆವು.

ಸತ್ಯ ಹೇಳಿದವರಿಗೆ ಲಾಭವಾಯಿತು ಎಂದು ಕಥೆ ಮುಗಿಸಿದರೆ ನಾವೂ ಸುಣ್ಣ ಬಳಿದಂತಾದೀತು. ನಮಗೆ ನಷ್ಟವೇ ಆಯಿತು. ಅಣ್ಣನವರ ಸಾಲ ಇನ್ನೂ ಪೂರ್ತಿ ತೀರಿಲ್ಲ. ಅದರಲ್ಲಿ ನಮ್ಮ ಕೈಲಾದಷ್ಟು ಹೊರುವುದು ಈಗ ನಮ್ಮ ಹೊಣೆ. ಅಂಗಡಿಯಲ್ಲಿ ತಕ್ಕಡಿ ಸರಿ ಹಿಡಿಯುವುದು ಕಾಯಕವಾದರೆ, ಜೀವಮಾನದಲ್ಲಿ ಒಮ್ಮೆ ಮಾಡುವ ಮನೆಯ ವ್ಯಾಪಾರದಲ್ಲಿಯೂ ತಕ್ಕಡಿ ಅದೇ. ಅದಕ್ಕೆ ನಷ್ಟ ಬಂದರೂ ಹಿಡಿಯಬೇಕು.

ಈ ಸಲ ಹಬ್ಬದ ಹೊತ್ತಿಗೆ ಊರಮನೆ ಮಾರಲು ಸಿದ್ಧಮಾಡುವ ಬಂಧುಗಳಲ್ಲಿ ಒಂದು ಅರಿಕೆ. ಗೌಂಡಿಯನ್ನು ಕರೆಯುವ ಮೊದಲು, ಆ ಮನೆಯಲ್ಲಿ ಹೆಚ್ಚು ದಿನ ಬಾಳಿದ ಹಿರಿಯ ಹೆಣ್ಣುಮಗಳ ಕೈಹಿಡಿದು ಒಂದು ಸಲ ಮನೆಯೆಲ್ಲ ತಿರುಗಿರಿ. ಎಲ್ಲಿ ಸೋರುತ್ತದೆ, ಎಲ್ಲಿ ನೆಲ ಕುಸಿಯುತ್ತದೆ, ಯಾವ ಗೋಡೆಗೆ ಹಾಸಿಗೆ ಹಾಸಬಾರದು ಎಂಬುದು ಅವಳಿಗೆ ಗೊತ್ತಿರುತ್ತದೆ. ಅದನ್ನು ಬರೆದುಕೊಂಡು ಕೊಳ್ಳುವವರ ಕೈಗೆ ಕೊಡಿರಿ. ಆಮೇಲೆ ಸುಣ್ಣ ಬಳಿಯಿರಿ.