ಮುಖ ತಿರುಗಿಸುವುದು ಕರುಣೆಯೇ?



ಅಂಕೋಲೆಯ ಮೀನುಪೇಟೆಯಲ್ಲಿ ಬುಟ್ಟಿ ಇಟ್ಟು ಕುಳಿತ ಒಬ್ಬ ತಾಯಿಯನ್ನು ಮನಸ್ಸಿಗೆ ತಂದುಕೊಳ್ಳಿ. ಆಕೆ ಕ್ಯಾನ್ಸರಿಗಾಗಿ ಕೇಪ್‌ಸಿಟಾಬಿನ್ ಎಂಬ ಮಾತ್ರೆ ಸೇವಿಸುತ್ತಿದ್ದಾಳೆ. ಅದರ ಪರಿಣಾಮವಾಗಿ ಅಂಗೈ ಅಂಗಾಲುಗಳು ಕೆಂಪೇರಿ, ಉರಿದು, ಸಿಪ್ಪೆ ಸುಲಿಯುತ್ತಿವೆ. ಉಪ್ಪುನೀರು ತಾಗಿದರೆ ಪ್ರಾಣ ಹಿಂಡಿದಂತಾಗುತ್ತದೆ. ಗಿರಾಕಿಯೊಬ್ಬರು ಆ ಕೈಗಳನ್ನು ಕಂಡು, ಮಾತಿಲ್ಲದೆ ಮುಂದಿನ ಬುಟ್ಟಿಯತ್ತ ಸರಿಯುತ್ತಾರೆ. ಆ ಗಿರಾಕಿ ನಾನೂ ಆಗಿರಬಹುದು, ನೀವೂ ಆಗಿರಬಹುದು.

ಒಳಗಿನ ಗಂಟನ್ನು ಯಾರೂ ಕಾಣರು. ಚರ್ಮ ಮಾತ್ರ ಎಲ್ಲರೆದುರು ತೆರೆದಿರುತ್ತದೆ. ವಿಕಿರಣ ಚಿಕಿತ್ಸೆ ಪಡೆದವರ ಚರ್ಮವು ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಕೆಂಪಾಗಿ ಅಥವಾ ಕಪ್ಪಾಗಿ, ಕೆಲವೊಮ್ಮೆ ಸುಲಿದು ಹಸಿಯಾಗುತ್ತದೆ. ಚಿಕಿತ್ಸೆ ಮುಗಿದ ಮೇಲೂ ಕೆಲದಿನ ಅದು ಹೆಚ್ಚುವುದುಂಟು. ಕೆಲವು ಔಷಧಿಗಳಿಂದ ಮುಖದ ಮೇಲೆ ಮೊಡವೆಯಂತಹ ಗುಳ್ಳೆಗಳೇಳುತ್ತವೆ, ಉಗುರು ಕಪ್ಪಾಗುತ್ತದೆ. ಇದಾವುದೂ ಅಂಟುರೋಗವಲ್ಲ. ಹೊರಗಿನಿಂದ ವಿಕಿರಣ ಪಡೆದವರ ಪಕ್ಕದಲ್ಲಿ ಕುಳಿತರೆ, ಅವರ ಲೋಟದಲ್ಲಿ ನೀರು ಕುಡಿದರೆ ಯಾರಿಗೂ ಹಾನಿಯಿಲ್ಲ.

ಇದನ್ನು ತಿಳಿದವರೂ ಮುಖ ತಿರುಗಿಸುತ್ತೇವೆ. "ನೋಡಿದರೆ ಅವರಿಗೆ ನೋವಾದೀತು" ಎನ್ನುತ್ತೇವೆ. ಆದರೆ ಆ ಮೌನ ಉಳಿಸುವುದು ಯಾರ ನೆಮ್ಮದಿಯನ್ನು? ಬಹುಮಟ್ಟಿಗೆ ನಮ್ಮದನ್ನೇ. ರೋಗಿಯಾದರೋ ನಮ್ಮ ಕಣ್ಣು ತಪ್ಪುವುದನ್ನು ಕಂಡು ಅಡಗಿಕೊಳ್ಳಲು ಕಲಿಯುತ್ತಾರೆ. ಮದುವೆಮನೆ ಬಿಡುತ್ತಾರೆ, ಸೆಕೆಯ ದಿನದಲ್ಲೂ ಸೆರಗು ಹೊದ್ದು ಕೂರುತ್ತಾರೆ. ಕಡೆಗೆ ವೈದ್ಯರಿಂದಲೂ ಮರೆಮಾಡುತ್ತಾರೆ: "ಜೀವ ಉಳಿದರೆ ಸಾಕು, ಚರ್ಮದ ಮಾತೇಕೆ?" ಅಪಾಯವಿರುವುದು ಇಲ್ಲಿಯೇ. ಸಮಯಕ್ಕೆ ತಿಳಿಸಿದರೆ ವೈದ್ಯರು ಮುಲಾಮು ಕೊಡಬಲ್ಲರು, ಮಾತ್ರೆಯ ಪ್ರಮಾಣ ತಗ್ಗಿಸಬಲ್ಲರು, ಕೆಲದಿನ ನಿಲ್ಲಿಸಿ ಮತ್ತೆ ಆರಂಭಿಸಬಲ್ಲರು. ಮುಚ್ಚಿಟ್ಟ ಹುಣ್ಣು ಕೀವಾಗಬಹುದು. ಉರಿ ತಾಳದೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟರೆ ಚಿಕಿತ್ಸೆಯೇ ಕೆಡಬಹುದು.

ಹಾಗೆಂದು ಎದುರಾದಲ್ಲೆಲ್ಲ ವಿಚಾರಣೆ ನಡೆಸುವುದೂ ಪ್ರೀತಿಯಲ್ಲ. "ಅರಿಶಿನ ಹಚ್ಚಿ, ಎಣ್ಣೆ ತಿಕ್ಕಿ" ಎಂಬ ಸಲಹೆ ವಿಕಿರಣದಿಂದ ಬೆಂದ ಚರ್ಮಕ್ಕೆ ಹಾನಿ ಮಾಡಬಹುದು. ವೈದ್ಯರನ್ನು ಕೇಳದೆ ಅಲ್ಲಿ ಏನನ್ನೂ ಹಚ್ಚಬಾರದು.

ಹಾಗಾದರೆ ನಾವೇನು ಮಾಡಬೇಕು? ಮುಖ ನೋಡಿ, "ಇವತ್ತು ಕೈ ಹೇಗಿದೆ, ಅಕ್ಕಾ?" ಎಂದು ಮೆಲ್ಲಗೆ ಕೇಳೋಣ. ಹೇಳಿದರೆ ಕೇಳಿಸಿಕೊಳ್ಳೋಣ, ಹೇಳದಿದ್ದರೆ ಕೆದಕದಿರೋಣ. ಸುಲಿದ ಅಂಗೈಗೆ ಬಿಸಿಪಾತ್ರೆ, ಸೋಪಿನ ನೀರು, ಬುಟ್ಟಿಯ ಭಾರ ಇವೆಲ್ಲ ಶಿಕ್ಷೆಯೇ. ಎರಡು ಕೊಡ ನೀರು ತಂದಿಡುವುದು, ಪಾತ್ರೆ ತೊಳೆದುಕೊಡುವುದು, ಮಣಿಪಾಲಕ್ಕೋ ಗೋವೆಗೋ ಆಸ್ಪತ್ರೆಗೆ ಹೊರಟಾಗ ಜೊತೆಗೆ ಹೋಗುವುದು ನಮ್ಮಿಂದಾಗುವ ಕೆಲಸ.

ಶುಭಸಂದೇಶದಲ್ಲಿ ಪ್ರಭು ಯೇಸು ಕುಷ್ಠರೋಗಿಗೆ ಗುಣದ ಮಾತು ನುಡಿಯುವ ಮೊದಲೇ ಕೈಚಾಚಿ ಮುಟ್ಟಿದರು. ಆ ಮನುಷ್ಯನ ಚರ್ಮ ಆಗಿನ್ನೂ ಶುದ್ಧವಾಗಿರಲಿಲ್ಲ. ನಮಗೆ ಗುಣಪಡಿಸುವ ಶಕ್ತಿಯಿಲ್ಲ, ಕೈ ಚಾಚುವ ಶಕ್ತಿಯಿದೆ. ಉರಿಯುವ ಅಂಗೈಯನ್ನು ಹಿಡಿಯುವ ಮುನ್ನ ಮಾತ್ರ ಕೇಳಿಕೊಳ್ಳೋಣ: "ಮುಟ್ಟಿದರೆ ನೋಯುತ್ತದೆಯೇ?"