ಸಸ್ಯಾಹಾರಿ ಪಿಶಾಚಿಗಳು

ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿ ಒಂದು ಮರವಿದೆ, ಆರು ಮಂದಿ ಮನುಷ್ಯರಿದ್ದಾರೆ. ಷಡ್ಲೇಶ್ಯೆಯ ಕಥೆ ನಮ್ಮ ಪಾಠಶಾಲೆಯ ಮಕ್ಕಳಿಗೂ ತಿಳಿದದ್ದಾದುದರಿಂದ ಯಾತ್ರಿಕರು ಅದರ ಮುಂದೆ ಬಹಳ ಹೊತ್ತು ನಿಲ್ಲುವುದಿಲ್ಲ. ನಾನೂ ನಿಂತವನಲ್ಲ. ಆ ಚಿತ್ರವನ್ನು ಮತ್ತೆ ನನ್ನ ಮನಸ್ಸಿಗೆ ತಂದದ್ದು ದೂರದ ಮೆಕ್ಸಿಕೋದಲ್ಲಿ ರಚಿತವಾದ ಮತ್ತೊಂದು ಚಿತ್ರ.

ರೆಮೆಡಿಯೋಸ್ ವಾರೋ 1908ರಲ್ಲಿ ಸ್ಪೇನಿನಲ್ಲಿ ಜನಿಸಿದ ಕಲಾವಿದೆ. ಯುದ್ಧದ ಭಯದಿಂದ ಯೂರೋಪನ್ನು ತೊರೆದು 1941ರಲ್ಲಿ ಮೆಕ್ಸಿಕೋ ಸೇರಿದ ಆಕೆ 1963ರಲ್ಲಿ ಅಲ್ಲಿಯೇ ನಿಧನಳಾದಳು. ಕನಸಿನಲ್ಲಿ ಕಾಣುವಂಥದನ್ನು ಎಚ್ಚರದ ಖಚಿತ ರೇಖೆಗಳಲ್ಲಿ ಬರೆಯುವ ಅತಿವಾಸ್ತವವಾದಿಗಳ ಪಂಥ ಅವಳದು. 1962ರ ಒಂದು ಚಿತ್ರಕ್ಕೆ ಅವಳಿಟ್ಟ ಹೆಸರು ‘ಸಸ್ಯಾಹಾರಿ ರಕ್ತಪಿಶಾಚಿಗಳು’. ಬಡಕಲಾದ ಮೂವರು ಮೇಜಿನ ಸುತ್ತ ಕುಳಿತು ಉದ್ದವಾದ ಕೊಳವೆಗಳಿಂದ ಹೀರುತ್ತಿದ್ದಾರೆ. ಹೀರುತ್ತಿರುವುದು ರಕ್ತವನ್ನಲ್ಲ, ಕಲ್ಲಂಗಡಿ, ಟೊಮೇಟೊ ಮತ್ತು ಒಂದು ಗುಲಾಬಿಯನ್ನು!

ಇದನ್ನು ಕಂಡು ನಾನು ನಕ್ಕೆ. ಪಕ್ಕದಲ್ಲಿದ್ದ ಮೊಮ್ಮಗಳು ನಗಲಿಲ್ಲ. “ಅಜ್ಜಾ, ಇವರೂ ನಮ್ಮ ಹಾಗೇ ಅಲ್ಲವೇ?” ಎಂದಳು.

ಅಲ್ಲವೆನ್ನಲು ನನ್ನ ಬಳಿ ಶಾಸ್ತ್ರಾಧಾರವಿತ್ತು. ವನಸ್ಪತಿಯೂ ಏಕೇಂದ್ರಿಯ ಜೀವವೇ. ಗೃಹಸ್ಥನು ಸ್ಥಾವರಹಿಂಸೆಯನ್ನು ಸಂಪೂರ್ಣವಾಗಿ ತಪ್ಪಿಸಲಾರನು. ಆದರೆ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನೂ ಸೇರಿಸಿದ್ದಾರೆ. ಪ್ರಮಾದವಿಲ್ಲದೆ ಉಣ್ಣುವವನು ಪಿಶಾಚಿಯಲ್ಲ. ಉತ್ತರ ಸಿದ್ಧವಾಗಿತ್ತು. ಅದನ್ನು ಹೇಳಹೊರಟಾಗಲೇ ಮಠದ ಗೋಡೆಯ ಆ ಮರ ನೆನಪಾದದ್ದು.

ನೇಮಿಚಂದ್ರಾಚಾರ್ಯರ ಗೊಮ್ಮಟಸಾರದಲ್ಲಿಯೂ ಬರುವ ಆ ದೃಷ್ಟಾಂತದಲ್ಲಿ ಕೃಷ್ಣಲೇಶ್ಯೆಯವನು ಮರವನ್ನು ಬುಡಸಹಿತ ಕೆಡಹಬೇಕೆನ್ನುತ್ತಾನೆ. ಶುಕ್ಲಲೇಶ್ಯೆಯವನು ತಾನಾಗಿ ನೆಲಕ್ಕೆ ಬಿದ್ದ ಹಣ್ಣನ್ನು ಆರಿಸಿಕೊಂಡರೆ ಸಾಕೆನ್ನುತ್ತಾನೆ. ನಡುವಿನವರು ಕಾಂಡ, ಕೊಂಬೆ, ರೆಂಬೆ, ಹಣ್ಣು ಎಂದು ಇಳಿಯುತ್ತಾ ಬರುತ್ತಾರೆ. ಇಷ್ಟು ವರ್ಷ ನಾನು ಗಮನಿಸದಿದ್ದ ಸಂಗತಿಯೊಂದುಂಟು: ಆರು ಮಂದಿಯೂ ಬಯಸಿದ್ದು ಹಣ್ಣನ್ನೇ. ಕೊಡಲಿ ಎತ್ತಿದವನೂ ಸಸ್ಯಾಹಾರಿಯೇ. ಆಹಾರದ ಹೆಸರನ್ನು ಹೇಳಿ ಪಾರಾಗುವ ಅವಕಾಶವನ್ನು ಆಚಾರ್ಯರು ನಮಗೆ ಕೊಟ್ಟಿಲ್ಲ. ವಾರೋಳ ಪಿಶಾಚಿಗಳೂ ಬದಲಿಸಿದ್ದು ಪಾತ್ರೆಯನ್ನು ಮಾತ್ರ, ಹೀರುವ ಬಗೆಯನ್ನಲ್ಲ.

ಕಳೆದ ಬಾರಿ ಒಂದು ಬಸದಿಯ ಉತ್ಸವಕ್ಕೆ ಸಾಲು ಸಾಲಾಗಿ ಬಾಳೆಯನ್ನು ಬುಡಕ್ಕೆ ಕಡಿದು ತಂದು ದ್ವಾರಗಳಿಗೆ ಕಟ್ಟಿದ್ದರು. ಗೊನೆ ಕೊಟ್ಟ ಬಾಳೆ ಹೇಗೂ ಅಳಿಯುವಂಥದೇ ಎಂದು ರೈತರು ಹೇಳುತ್ತಾರೆ, ನಿಜ. ಆದರೆ ಅವುಗಳ ಗೊನೆ ಇನ್ನೂ ಬಲಿತಿರಲಿಲ್ಲ. ಮೂರನೆಯ ದಿನ ಎಲ್ಲವೂ ಬಾಡಿ ಬೇಲಿಯ ಮಗ್ಗುಲಲ್ಲಿ ಬಿದ್ದಿದ್ದವು. ತಿಂದವರಿಲ್ಲ. ಅಲಂಕಾರದ ಬಾಬ್ತಿಗೆ ಹಣ ಕೊಟ್ಟವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಅದನ್ನು ಓದಿ ಹೇಳಿದಾಗ ಸಂತೋಷವೂ ಆಗಿತ್ತು. ಕೃಷ್ಣಲೇಶ್ಯೆಯವನಿಗಾದರೂ ಹಸಿವೆಂಬ ಕಾರಣವಿತ್ತು.

ವಾರೋಳ 1958ರ ಚಿತ್ರವೊಂದರಲ್ಲಿ ಮೋಡಗಳ ನಡುವಿನ ಗೋಪುರದಲ್ಲಿ ಒಬ್ಬ ಹೆಂಗಸು ನಕ್ಷತ್ರಗಳ ಧೂಳನ್ನು ಬೀಸಿ, ಪಂಜರದಲ್ಲಿರುವ ಬಾಲಚಂದ್ರನಿಗೆ ಚಮಚದಿಂದ ಉಣಿಸುತ್ತಿದ್ದಾಳೆ. ಮೊದಲ ನೋಟಕ್ಕೆ ಅದು ವಾತ್ಸಲ್ಯ. ಮತ್ತೆ ನೋಡಿದರೆ ಕಣ್ಣು ಪಂಜರದ ಸರಳುಗಳಲ್ಲೇ ನಿಲ್ಲುತ್ತದೆ. ಉಣಿಸುವವಳ ಮುಖದಲ್ಲಿ ಹರ್ಷವಿಲ್ಲ. ಆಕಾಶದಲ್ಲಿ ತಾನಾಗಿ ಬೆಳೆಯಬೇಕಾದುದನ್ನು ಸೆರೆಯಲ್ಲಿಟ್ಟು ಸಾಕುವುದನ್ನು ದಯೆ ಎನ್ನಬಹುದೇ? ನನಗೆ ಆ ಚಿತ್ರ ಪಿಶಾಚಿಗಳ ಚಿತ್ರಕ್ಕಿಂತ ಹೆಚ್ಚು ಕಠಿಣವೆನಿಸುತ್ತದೆ.

ಆಕೆಯ ಕೊನೆಯ ಪೂರ್ಣಕೃತಿಯಲ್ಲಿ ಮನುಷ್ಯರೇ ಇಲ್ಲ. ಮೇಜಿನ ನಡುವೆ ದೀಪ. ಅದರ ಸುತ್ತ ಹಣ್ಣುಗಳು ಗ್ರಹಗಳಂತೆ ಸುತ್ತುತ್ತಾ, ಒಂದಕ್ಕೊಂದು ತಾಗಿ ಒಡೆದು ಬೀಜ ಚೆಲ್ಲುತ್ತಿವೆ. ನೆಲದ ಮೇಲೆ ಆಗಲೇ ಮೊಳಕೆಗಳಿವೆ. ಮೊಮ್ಮಗಳು ಅವನ್ನು ಬೆರಳಿಟ್ಟು ಎಣಿಸಿದಳು.

ಅವಳ ಪ್ರಶ್ನೆಗೆ ನಾನಿನ್ನೂ ಉತ್ತರಿಸಿಲ್ಲ. ಬರುವ ಉತ್ಸವದ ಸಿದ್ಧತಾ ಸಭೆಯಲ್ಲಿ ಬಾಳೆಕಂಬದ ವಿಷಯ ಬಂದಾಗ ಎದ್ದು ಹೇಳಬೇಕಾದ ಎರಡು ಮಾತುಗಳನ್ನು ಮಾತ್ರ ಬರೆದಿಟ್ಟುಕೊಂಡಿದ್ದೇನೆ.