ಬೆಲೆ ತಿಳಿದವನ ಹೊಣೆ



ತುರುವೇಕೆರೆ ತಾಲೂಕಿನ ಸಂಪಿಗೆಯ ಸುತ್ತಮುತ್ತ, ಹಾಗೆಯೇ ತಿಪಟೂರು, ಚಿಕ್ಕನಾಯಕನಹಳ್ಳಿಗಳ ಕಡೆ ಓಡಾಡುವವರ ಕಿವಿಗೆ ಈಗ ಒಂದು ಮಾತು ಪದೇ ಪದೇ ಬೀಳುತ್ತದೆ: "ಈಗಲೇ ಜಮೀನು ತೆಗೆದುಹಾಕಿ, ನಾಲ್ಕೈದು ವರ್ಷಕ್ಕೆ ದುಪ್ಪಟ್ಟು ಆಗುತ್ತದೆ." ಈ ಮಾತು ಹುಟ್ಟಲು ಕಾರಣಗಳಿವೆ. ನೆರೆಯ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಅಡಿಗಲ್ಲು ಬಿತ್ತು. 2023ರ ಫೆಬ್ರವರಿಯಲ್ಲಿ ಅದರ ಉದ್ಘಾಟನೆಯಾಯಿತು. ತುಮಕೂರು-ಶಿವಮೊಗ್ಗ ಹೆದ್ದಾರಿಯನ್ನು ಚತುಷ್ಪಥವಾಗಿ ಅಗಲಿಸುವ ಕೆಲಸ ನಡೆಯಿತು. 2020ರ ಭೂ ಸುಧಾರಣಾ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಕೃಷಿ ಭೂಮಿಯನ್ನು ಕೊಳ್ಳಬಹುದಾಯಿತು. ಹೀಗಾಗಿ ನಗರದ ಹಣ ತೆಂಗಿನ ತೋಟದ ಬಾಗಿಲಿಗೆ ಬಂದು ನಿಂತಿದೆ.

ಇದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ಭೂಮಿ ಕೊಳ್ಳುವುದು ತಪ್ಪಲ್ಲ, ಲಾಭಕ್ಕೆ ಮಾರುವುದೂ ತಪ್ಪಲ್ಲ. ಅಲ್ಲಾಹನು ವ್ಯಾಪಾರವನ್ನು ಧರ್ಮಸಮ್ಮತಗೊಳಿಸಿ ಬಡ್ಡಿಯನ್ನು ನಿಷೇಧಿಸಿರುವನೆಂದು ಪವಿತ್ರ ಕುರ್‌ಆನಿನ 'ಅಲ್ ಬಕರ' ಅಧ್ಯಾಯವು ಸ್ಪಷ್ಟಪಡಿಸುತ್ತದೆ. ಆದರೆ ಆ ಲಾಭ ಎಲ್ಲಿಂದ ಬಂತು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ರಸ್ತೆಯಿಂದ ಸ್ವಲ್ಪ ಒಳಗೆ ವೃದ್ಧನೊಬ್ಬನ ಒಂದೂವರೆ ಎಕರೆ ತೋಟವಿದೆ. ನುಸಿ ರೋಗ ಬಂದು ಫಸಲು ಇಳಿದಿದೆ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾದು ಉಂಡೆ ಕೊಬ್ಬರಿ ಮಾಡಿದರೂ ಬೆಲೆಯ ಭರವಸೆಯಿಲ್ಲ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗಲೂ ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. ಅಂತಹ ಹೊತ್ತಿನಲ್ಲಿ ಒಬ್ಬನು ಬಂದು, "ಯಜಮಾನ್ರೇ, ಈ ಒಣ ತೋಟ ಇಟ್ಕೊಂಡು ಏನ್ ಮಾಡ್ತೀರಿ? ನನಗೆ ಕೊಡಿ" ಎನ್ನುತ್ತಾನೆ. ಪಕ್ಕದಲ್ಲೇ ರಸ್ತೆ ಬರಲಿದೆಯೆಂಬ ಸುದ್ದಿ ಬಂದವನಿಗೆ ಗೊತ್ತು, ಮುದುಕನಿಗೆ ಗೊತ್ತಿಲ್ಲ. ಕರಾರು ಆಗುತ್ತದೆ, ಸಾಕ್ಷಿಗಳು ರುಜು ಹಾಕುತ್ತಾರೆ. ಕಾನೂನಿನ ಕಣ್ಣಿಗೆ ಎಲ್ಲವೂ ಸರಿಯಾಗಿದೆ. ಅಲ್ಲಾಹನ ಮುಂದೆ?

ಪ್ರವಾದಿವರ್ಯರ(ಸ) ಕಾಲದಲ್ಲಿ ಮದೀನಾದ ಪೇಟೆಗೆ ಹಳ್ಳಿಗರು ಸರಕು ತರುತ್ತಿದ್ದರು. ಕೆಲವು ಚತುರ ವ್ಯಾಪಾರಿಗಳು ಊರ ಹೊರಗೇ ಅವರನ್ನು ಎದುರುಗೊಂಡು, ಪೇಟೆಯ ದರ ಅವರಿಗೆ ತಿಳಿಯುವ ಮೊದಲೇ ಅಗ್ಗಕ್ಕೆ ಕೊಂಡುಬಿಡುತ್ತಿದ್ದರು. ಪ್ರವಾದಿವರ್ಯರು(ಸ) ಇದನ್ನು ತಡೆದರು. ಹಾಗೆ ಮಾರಿದವನು ಪೇಟೆಗೆ ಬಂದು ನಿಜವಾದ ದರ ತಿಳಿದರೆ ವ್ಯಾಪಾರವನ್ನು ರದ್ದುಗೊಳಿಸುವ ಅಧಿಕಾರ ಅವನಿಗಿದೆಯೆಂದೂ ತೀರ್ಪಿತ್ತರು. ಈ ವಚನ ಸಹೀಹ್ ಮುಸ್ಲಿಮ್‌ನಲ್ಲಿದೆ. ಗಮನಿಸಿ, ಅಲ್ಲಿ ತೂಕದಲ್ಲಿ ಮೋಸವಿರಲಿಲ್ಲ, ಬಲಾತ್ಕಾರವಿರಲಿಲ್ಲ. ಇದ್ದುದು ಒಬ್ಬನ ತಿಳಿವಳಿಕೆ ಮತ್ತು ಇನ್ನೊಬ್ಬನ ಅಜ್ಞಾನ ಮಾತ್ರ. ಆ ಮುದುಕನ ತೋಟದ ಬೇಲಿಯ ಬಳಿ ನಿಂತವನು ಕೂಡ ಊರ ಹೊರಗೆ ಹಳ್ಳಿಗನನ್ನು ಎದುರುಗೊಂಡವನೇ ಅಲ್ಲವೇ?

"ಹಾಗಾದರೆ ವ್ಯಾಪಾರ ಮಾಡುವುದು ಹೇಗೆ?" ಎನ್ನುವಿರಾ? ಹಝ್ರತ್ ಜರೀರ್ ಬಿನ್ ಅಬ್ದುಲ್ಲಾರ(ರ) ನಡತೆಯನ್ನು ನೋಡಿರಿ. ಅವರ ಸೇವಕ ಮುನ್ನೂರು ದಿರ್ಹಮಿಗೆ ಒಂದು ಕುದುರೆಯನ್ನು ಗೊತ್ತುಮಾಡಿ ಬಂದ. ಕುದುರೆಯನ್ನು ಕಂಡ ಜರೀರ್(ರ) ಅದರ ಬೆಲೆ ಹೆಚ್ಚೆಂದು ಒಡೆಯನಿಗೆ ತಾವೇ ಹೇಳಿ, ಏರಿಸುತ್ತಾ ಹೋಗಿ ಎಂಟುನೂರು ಕೊಟ್ಟರು. ಕಾರಣ ಕೇಳಿದರೆ, ಜನರ ಹಿತವನ್ನು ಬಯಸುವೆನೆಂದು ಪ್ರವಾದಿವರ್ಯರ(ಸ) ಕೈಹಿಡಿದು ಪ್ರತಿಜ್ಞೆ ಮಾಡಿದ್ದನ್ನು ನೆನಪಿಸಿದರು. ನಮ್ಮಿಂದ ಅಷ್ಟು ಎತ್ತರಕ್ಕೆ ಏರಲಾಗದಿರಬಹುದು. "ಇಲ್ಲಿ ರಸ್ತೆ ಬರುವ ಸುದ್ದಿಯಿದೆ, ಮಕ್ಕಳನ್ನು ಕೇಳಿ ಬೆಲೆ ಹೇಳಿ" ಎಂಬ ಒಂದು ಮಾತನ್ನಾದರೂ ಹೇಳಲಾಗದೇ? ಮುದುಕನು ಯಾವ ಧರ್ಮದವನೆಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ನ್ಯಾಯವು ಎಲ್ಲರಿಗೂ ಒಂದೇ.

ಕೊಂಡವನು ಮುಂದೆ ಮಾರುವವನೂ ಆಗುತ್ತಾನೆ. ಅಲ್ಲಿಯೂ ಅವನ ತಿಳಿವಳಿಕೆ ಪರೀಕ್ಷೆಗೆ ಒಳಗಾಗುತ್ತದೆ. ಕೃಷಿ ಭೂಮಿಯನ್ನು ಮನೆ ಕಟ್ಟಲು ಬಳಸಬೇಕಾದರೆ 1964ರ ಭೂ ಕಂದಾಯ ಕಾಯ್ದೆಯಂತೆ ಅದು ಪರಿವರ್ತನೆಯಾಗಬೇಕು, ಬಡಾವಣೆಯ ನಕ್ಷೆಗೆ ಮಂಜೂರಾತಿ ಬೇಕು. ಇವೆರಡೂ ಇಲ್ಲದೆ ತೋಟ ಕಡಿದು, ಕಲ್ಲು ನೆಟ್ಟು, "ಎಲ್ಲಾ ಆಗುತ್ತದೆ" ಎಂದು ನಿವೇಶನ ಮಾರುವವರಿದ್ದಾರೆ. ಗಲ್ಫಿನಲ್ಲಿ ಬೆವರು ಸುರಿಸಿದವನ ಉಳಿತಾಯವೂ, ನಿವೃತ್ತ ಮೇಷ್ಟರ ಗ್ರಾಚ್ಯುಟಿಯೂ ಅದರಲ್ಲಿ ಹೂತುಹೋಗುತ್ತದೆ. ಇನ್ನು ಕೆಲವರು ಅಲ್ಪ ಮುಂಗಡ ಕೊಟ್ಟು ಕರಾರು ಬರೆಸಿಕೊಂಡು, ತಮ್ಮದಾಗದ ಭೂಮಿಯನ್ನೇ ಮೂರನೆಯವನಿಗೆ ಮಾರುತ್ತಾರೆ. ತನ್ನ ಬಳಿ ಇಲ್ಲದ್ದನ್ನು ಮಾರಬಾರದೆಂದು ಪ್ರವಾದಿವರ್ಯರು(ಸ) ಹಕೀಮ್ ಬಿನ್ ಹಿಝಾಮ್‌ರಿಗೆ(ರ) ತಾಕೀತು ಮಾಡಿದ್ದರು. ಕೊಳ್ಳುವವನೂ ಮಾರುವವನೂ ಸತ್ಯ ನುಡಿದು ಕುಂದನ್ನು ತೆರೆದು ಹೇಳಿದರೆ ವ್ಯಾಪಾರದಲ್ಲಿ ಬರಕತ್ ಇರುವುದೆಂದೂ, ಬಚ್ಚಿಟ್ಟರೆ ಅದು ಅಳಿಸಿಹೋಗುವುದೆಂದೂ ವರದಿ ಮಾಡಿದವರು ಅದೇ ಹಕೀಮ್(ರ).

ಇಷ್ಟಕ್ಕೆ ಮುಗಿಯಲಿಲ್ಲ. ನಮ್ಮ ಮನೆಯೊಳಗೇ ಬೆಲೆ ತಿಳಿಯದ ಒಬ್ಬಳಿರುತ್ತಾಳೆ: ಮದುವೆಯಾಗಿ ಹೋದ ಸಹೋದರಿ. ತಂದೆ ತೀರಿಕೊಂಡು ಇಪ್ಪತ್ತು ವರ್ಷ ಅವಳ ಪಾಲಿನ ಸುದ್ದಿ ಎತ್ತದವರು ಬೆಲೆ ಏರಿದೊಡನೆ ಹಣ್ಣು, ಸೀರೆ ಹಿಡಿದು ಅವಳ ಬಾಗಿಲಿಗೆ ಹೋಗುತ್ತಾರೆ. ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಂಡು ಬರುತ್ತಾರೆ. ಎಕರೆಗೆ ಎಷ್ಟೆಂದು ಅವಳಿಗೆ ಹೇಳಿದ್ದರೇ? ತಂದೆತಾಯಿ ಬಿಟ್ಟುಹೋದುದು ಅಲ್ಪವಿರಲಿ, ಅಧಿಕವಿರಲಿ, ಸ್ತ್ರೀಗೂ ಅದರಲ್ಲಿ ನಿಶ್ಚಿತ ಪಾಲಿದೆಯೆಂದು 'ಅನ್ನಿಸಾ' ಅಧ್ಯಾಯವು ಸಾರುತ್ತದೆ. ತಿಳಿಯದೆ ಹಾಕಿದ ರುಜು ಮನಃಪೂರ್ವಕವಾದ ಒಪ್ಪಿಗೆಯಲ್ಲ.

ಮತ್ತೊಂದನ್ನೂ ಮರೆಯದಿರಿ. ವಾಸದ ಮನೆಗೆ ಝಕಾತ್ ಇಲ್ಲ. ಆದರೆ ಮಾರುವ ಉದ್ದೇಶದಿಂದಲೇ ಕೊಂಡಿಟ್ಟ ನಿವೇಶನವು ವ್ಯಾಪಾರದ ಸರಕು. ಬಹುಸಂಖ್ಯಾತ ವಿದ್ವಾಂಸರ ಅಭಿಪ್ರಾಯದಂತೆ ಪ್ರತಿವರ್ಷ ಅಂದಿನ ಬೆಲೆಯ ಮೇಲೆ ನೂರಕ್ಕೆ ಎರಡೂವರೆಯಂತೆ ಝಕಾತ್ ಕೊಡಬೇಕು. ಬೆಲೆ ಏರಿತೆಂದು ಮಿತ್ರರ ಮುಂದೆ ಬೀಗುವವರು ಝಕಾತಿನ ಲೆಕ್ಕಕ್ಕೆ ಕುಳಿತಾಗ ಹಳೆಯ ಕ್ರಯಪತ್ರವನ್ನು ತೆಗೆಯದಿರಲಿ.

ಸಹೋದರರೇ, ಹಝ್ರತ್ ಸಈದ್ ಬಿನ್ ಝೈದ್‌ರ(ರ) ಮೇಲೆ ಒಬ್ಬ ಮಹಿಳೆ ತನ್ನ ನೆಲವನ್ನು ಅವರು ಒತ್ತಿಕೊಂಡರೆಂದು ದೂರು ಕೊಟ್ಟಾಗ ಅವರು ಬೆಚ್ಚಿಬಿದ್ದರು. ಒಂದು ಗೇಣು ನೆಲವನ್ನು ಅನ್ಯಾಯವಾಗಿ ಪಡೆದವನ ಕೊರಳಿಗೆ ಪುನರುತ್ಥಾನ ದಿನ ಏಳು ಭೂಮಿಗಳನ್ನು ಸುತ್ತಲಾಗುವುದೆಂದು ಪ್ರವಾದಿವರ್ಯರ(ಸ) ಬಾಯಿಂದಲೇ ಕೇಳಿದ ಮೇಲೂ ತಾವು ಹಾಗೆ ಮಾಡುವುದುಂಟೇ ಎಂದು ಕೇಳಿದರು.

ಆದುದರಿಂದ ಜಮೀನು ನೋಡಲು ಹೊರಡುವ ಮುನ್ನ ಪಹಣಿಯನ್ನೂ ಋಣಭಾರ ಪತ್ರವನ್ನೂ ಅವಶ್ಯವಾಗಿ ಪರಿಶೀಲಿಸಿರಿ. ಜೊತೆಗೆ ನಿಮ್ಮನ್ನು ನೀವೇ ಕೇಳಿಕೊಳ್ಳಿರಿ: ನನಗೆ ತಿಳಿದಿರುವುದು ಮಾರುವವನಿಗೂ ತಿಳಿದಿದ್ದರೆ ಅವನು ಇದೇ ಬೆಲೆಗೆ ಕೊಡುತ್ತಿದ್ದನೇ? ಇಲ್ಲವೆಂದು ಮನಸ್ಸು ಹೇಳಿದರೆ, ತಿಳಿದುದನ್ನು ಅವನಿಗೂ ತಿಳಿಸಿ ಆಮೇಲೆ ಬೆಲೆ ಮಾತಾಡಿರಿ. ಎಷ್ಟು ಎಕರೆ ಕೊಂಡವನಿಗೂ ಕೊನೆಗೆ ಸಿಗುವುದು ಆರಡಿ ಮೂರಡಿ. ಅಲ್ಲಿ ಮಲಗುವಾಗ ಯಾರ ಗೇಣು ನೆಲವೂ ನಮ್ಮ ಕೊರಳಲ್ಲಿ ಇಲ್ಲದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ಆಮೀನ್.